ಮಾತು ತಡೆದಲ್ಲಿ ಗೆರೆ ಮೂಡಲಿ

ಮಂಗಳೂರಿನ ಜೆಪ್ಪುವಿನಲ್ಲಿ ಒಂದು ಮನೆಯ ಮಾತು ತುಳು, ಪಕ್ಕದ ಮನೆಯದು ಕೊಂಕಣಿ, ಅದರಾಚೆಗೆ ಬ್ಯಾರಿ. ಬೀದಿಗೆ ಬಂದರೆ ಕನ್ನಡ, ಎಷ್ಟೋ ಮಕ್ಕಳಿಗೆ ಶಾಲೆಯ ಗೇಟು ದಾಟಿದರೆ ಇಂಗ್ಲಿಷ್. ಇಷ್ಟು ಭಾಷೆಗಳ ನಡುವೆ ಬೆಳೆಯುವುದು ಭಾಗ್ಯವೇ ಸರಿ. ಆದರೆ ‘ನನ್ನ ಊರು’ ಎಂಬ ಪ್ರಬಂಧ ಬರೆಯಲು ಕುಳಿತಾಗ ಕೆಲವು ಮಕ್ಕಳ ಪೆನ್ನು ಮುಂದೆ ಸಾಗುವುದಿಲ್ಲ. ಕಂಡದ್ದೆಲ್ಲ ಮನಸ್ಸಿನಲ್ಲಿದೆ, ಅದಕ್ಕೆ ತಕ್ಕ ಪದ ಶಾಲೆಯ ಭಾಷೆಯಲ್ಲಿ ಸಿಗುತ್ತಿಲ್ಲ. ಖಾಲಿ ಹಾಳೆ ನೋಡಿದ ಹಿರಿಯರು ‘ಇವನ ತಲೆಗೆ ಹತ್ತುವುದಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ದುರಂತವೆಂದರೆ, ಮಗುವೂ ಅದನ್ನು ನಂಬಿಬಿಡುತ್ತದೆ.

ಮಾತು ತಡೆದಾಗ ಏನು ಮಾಡಬೇಕು? ಇದಕ್ಕೆ ಮಂಗಳೂರಿನ ಚರಿತ್ರೆಯಲ್ಲೇ ಒಂದು ಉತ್ತರವಿದೆ. 1878ರ ಕೊನೆಯಲ್ಲಿ ಯುರೋಪಿನ ಜೆಸುಯಿಟ್ ಪಾದ್ರಿಗಳು ಇಲ್ಲಿಗೆ ಬಂದರು. ಜೆಪ್ಪುವಿನ ಸಂತ ಜೋಸೆಫರ ವರ್ಕ್‌ಶಾಪಿನಲ್ಲಿ ಕೆತ್ತಿದ ಮೂರ್ತಿಗಳು ಊರೂರಿನ ಇಗರ್ಜಿಗಳನ್ನು ಸೇರಿದವು. ಅಕ್ಷರ ಬಾರದವರೂ ಮೂರ್ತಿಯೊಂದರ ಮುಖಭಾವವನ್ನು ಓದಬಲ್ಲರಷ್ಟೆ!

ಜೆಪ್ಪುವಿನಿಂದ ಅನತಿ ದೂರದ ಲೈಟ್‌ಹೌಸ್ ಹಿಲ್ ಮೇಲಿರುವ ಸಂತ ಅಲೋಶಿಯಸ್ ಚಾಪೆಲ್ ಇದಕ್ಕೆ ದೊಡ್ಡ ಸಾಕ್ಷಿ. ಅದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದವರು ಆಂಟೋನಿಯೋ ಮೊಸ್ಕೆನಿ. 1854ರಲ್ಲಿ ಇಟಲಿಯಲ್ಲಿ ಹುಟ್ಟಿ, ಬೆರ್ಗಾಮೋದಲ್ಲಿ ಚಿತ್ರಕಲೆ ಕಲಿತ ಅವರು ವೇದಿಕೆಯೇರಿ ಪ್ರವಚನ ನೀಡುವ ಪಾದ್ರಿಯಲ್ಲ, ಒಬ್ಬ ಬ್ರದರ್. ಊರಿನ ಭಾಷೆಗಳಿಗೆ ಹೊಸಬರು. 1899ರ ಸುಮಾರಿಗೆ ಕೆಲಸಕ್ಕೆ ಕೈಹಾಕಿ, ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಸಂತ ಅಲೋಶಿಯಸರ ಬದುಕನ್ನೂ ಯೇಸುವಿನ ಜೀವನವನ್ನೂ ಬಣ್ಣದಲ್ಲಿ ಹೇಳಿದರು. 1905ರಲ್ಲಿ ಅವರು ಕೊಚ್ಚಿಯಲ್ಲಿ ತೀರಿಕೊಂಡರು. ಇಂದಿಗೂ ಅಲ್ಲಿಗೆ ಬರುವವರು ಯಾವ ಭಾಷೆಯವರೇ ಆಗಿರಲಿ, ಕತ್ತೆತ್ತಿ ನೋಡಿದರೆ ಕಥೆ ತಿಳಿಯುತ್ತದೆ.

ಭಾಷೆ ಗೊತ್ತಿಲ್ಲದವರ ಮಾತು ಹಾಗಿರಲಿ, ಭಾಷೆಯನ್ನೇ ಆಳಿದವರ ಗತಿಯೇನು? ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ ನಮ್ಮ ಕಾರವಾರದ ಕಡಲತೀರದಲ್ಲಿ ಕೆಲಕಾಲ ಇದ್ದು ನಾಟಕ ಬರೆದವರು. ಅರವತ್ತು ದಾಟಿದ ಮೇಲೆ, ಹಸ್ತಪ್ರತಿಯಲ್ಲಿ ಬೇಡವೆಂದು ಹೊಡೆದುಹಾಕಿದ ಪದಗಳ ಗೀಚುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರು. ಆ ಗೀಚುಗಳೇ ಹಕ್ಕಿಗಳಾದವು, ವಿಚಿತ್ರ ಪ್ರಾಣಿಗಳಾದವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಅಂದರೆ, ತಪ್ಪಿದ ಪದವೂ ವ್ಯರ್ಥವಾಗಲಿಲ್ಲ!

ಹಾಗಾದರೆ ಪಾಲಕರು ಏನು ಮಾಡಬಹುದು? ಬರೆಯಲಾಗದೆ ಕುಳಿತ ಮಗುವಿಗೆ ಮೊದಲು ಪೆನ್ಸಿಲು ಕೊಟ್ಟು ಚಿತ್ರ ಬರೆಯಲು ಬಿಡಿ. ನೇತ್ರಾವತಿ ಸೇತುವೆಯ ಮೇಲೆ ಓಡುವ ರೈಲು, ಹಂಚಿನ ಮಾಡು, ಮಳೆಗೆ ತುಂಬಿದ ಅಂಗಳ, ಹೀಗೆ ಕಂಡದ್ದು ಏನಾದರೂ ಸರಿ. ‘ಇದೇನು ಆನೆಯೋ, ಕತ್ತೆಯೋ?’ ಎಂದು ನಗಬೇಡಿ. ‘ಇಲ್ಲಿ ಏನಾಗ್ತಾ ಇದೆ?’ ಎಂದು ಕೇಳಿ. ಮಗು ಮನೆಮಾತಿನಲ್ಲೇ ಹೇಳಲಿ. ಹೇಳಿದ ಮಾತುಗಳನ್ನು ಚಿತ್ರದ ಪಕ್ಕ ಗುರುತು ಹಾಕಿ, ಆಮೇಲೆ ಅವಕ್ಕೆ ಕನ್ನಡ, ಇಂಗ್ಲಿಷ್ ಪದಗಳನ್ನು ಇಬ್ಬರೂ ಸೇರಿ ಹುಡುಕಿ. ಪ್ರಬಂಧದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಏಕೆಂದರೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬ ಎರಡು ಹೊರೆಗಳನ್ನು ಮಗು ಒಟ್ಟಿಗೆ ಹೊರಬೇಕಾಗಿಲ್ಲ.

ಇದು ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಯ ಚಿತ್ರವಲ್ಲ. ಇದಕ್ಕೆ ಅಂಕವಿಲ್ಲ, ಅಂದವಾಗಿರಬೇಕೆಂಬ ಕಟ್ಟಳೆಯೂ ಇಲ್ಲ. ದೊಡ್ಡ ಮಕ್ಕಳಿಗೂ ಇದು ಸಲ್ಲುತ್ತದೆ. ಹೃದಯದ ರಕ್ತಸಂಚಾರವನ್ನು ಉರುಹೊಡೆದು ಮರೆಯುವ ಹತ್ತನೆಯ ತರಗತಿಯವರು ಒಮ್ಮೆ ಅದನ್ನು ನೆನಪಿನಿಂದಲೇ ಬಿಡಿಸಿ ನೋಡಲಿ. ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದು ಅವರಿಗೇ ಗೊತ್ತಾಗುತ್ತದೆ.

ಹಾಗೆಂದು ಚಿತ್ರ ಮಾತಿಗೆ ಬದಲಿಯಲ್ಲ. ಪರೀಕ್ಷೆಯಲ್ಲಿ ಬರೆಯಲೇಬೇಕು, ಬದುಕಿನಲ್ಲಿ ಮಾತಾಡಲೇಬೇಕು. ಠಾಕೂರರೂ ಕುಂಚ ಹಿಡಿದ ಮೇಲೆ ಲೇಖನಿಯನ್ನು ಕೆಳಗಿಡಲಿಲ್ಲ. ಚಿತ್ರವೆಂಬುದು ಹೊಳೆಗೆ ಹಾಕಿದ ಕಾಲುಸಂಕದಂತೆ. ದಾಟಿ ಆಚೆ ದಡ ಸೇರುವುದಕ್ಕೆ ಅದು ಬೇಕು. ದಾಟುವ ತನಕ ಅವಸರಪಡಿಸದೆ ಕಾಯುವುದಷ್ಟೇ ಹಿರಿಯರ ಕೆಲಸ.