ಶಾರ್ಟ್‌ಕಟ್ ಒತ್ತಿದರೆ ಕೋಡ್ ಸರಿಯಾಗುತ್ತದೆಯೇ?

ಕಾವೂರಿನ ನಮ್ಮ ಮನೆಗೆ ಪ್ರೋಗ್ರಾಮಿಂಗ್ ಹೇಳಿಸಿಕೊಳ್ಳಲು ಬರುವ ಕಾಲೇಜು ಮಕ್ಕಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ: ಇಂಡೆಂಟೇಷನ್ ಬರೀ ಅಂದಕ್ಕೆ, ಕೊನೆಗೆ ಒಂದು ಶಾರ್ಟ್‌ಕಟ್ ಒತ್ತಿದರೆ ಎಲ್ಲ ಸರಿಹೋಗುತ್ತದೆ.

ಸಿ ಭಾಷೆಯ ಕಂಪೈಲರ್‌ಗೆ ಸಾಲಿನ ಆರಂಭದ ಖಾಲಿ ಜಾಗ ಲೆಕ್ಕಕ್ಕಿಲ್ಲ, ನಿಜ. ಓದುವವರಿಗೆ ಹಾಗಲ್ಲ. 2014ರ ಫೆಬ್ರವರಿಯಲ್ಲಿ ಆಪಲ್ ಸರಿಪಡಿಸಿದ ಭದ್ರತಾ ಲೋಪದಲ್ಲಿ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ ಬಿದ್ದಿತ್ತು. ಎರಡೂ ಸಮನಾಗಿ ಒಳಸರಿದಿದ್ದರಿಂದ ಎರಡೂ ಮೇಲಿನ ‘ಇಫ್’ಗೆ ಸೇರಿದಂತೆ ಕಾಣುತ್ತಿದ್ದವು. ಆವರಣ ಇಲ್ಲದ್ದರಿಂದ ಎರಡನೆಯದು ಷರತ್ತಿಲ್ಲದೆ ಓಡಿ, ಮುಂದಿನ ಸಹಿ ಪರಿಶೀಲನೆಯನ್ನೇ ತಪ್ಪಿಸುತ್ತಿತ್ತು. ಇಂಡೆಂಟ್ ಸರಿಮಾಡುವ ಶಾರ್ಟ್‌ಕಟ್ ಒತ್ತಿದ್ದರೆ ಆ ಸಾಲು ಎಡಕ್ಕೆ ಸರಿದು ಎದ್ದು ಕಾಣುತ್ತಿತ್ತು. ತಪ್ಪು ಉಳಿಯುತ್ತಿತ್ತು, ಆದರೆ ಅಡಗಿರುತ್ತಿರಲಿಲ್ಲ. ಶಾರ್ಟ್‌ಕಟ್ ಮಾಡುವ ಉಪಕಾರ ಇಷ್ಟೇ. ನನಗೆ ಅದು ಸಣ್ಣದೆನಿಸುವುದಿಲ್ಲ.

ಪೈಥಾನ್‌ನಲ್ಲಿ ಖಾಲಿ ಜಾಗವೇ ಅರ್ಥ. ಐದು ವಿಷಯಗಳ ಅಂಕ ಕೂಡಿಸುವ ಫಂಕ್ಷನ್‌ನಲ್ಲಿ ‘ರಿಟರ್ನ್’ ಸಾಲು ಲೂಪ್‌ನೊಳಗೆ ಸರಿದುಹೋದರೆ ಮೊದಲ ವಿಷಯದ ಅಂಕವೇ ಒಟ್ಟು ಮೊತ್ತವಾಗಿ ಬರುತ್ತದೆ. ಎರರ್ ಬರುವುದಿಲ್ಲ. ಕೋಡನ್ನು ಒಪ್ಪ ಮಾಡುವ ಫಾರ್ಮ್ಯಾಟರ್ ಕೂಡ ಅದನ್ನು ಹಾಗೆಯೇ ಬಿಡುತ್ತದೆ, ನಿಮ್ಮ ಉದ್ದೇಶ ಅದಕ್ಕೆ ತಿಳಿಯುವ ದಾರಿಯಿಲ್ಲ.

ಟ್ಯಾಬ್, ಸ್ಪೇಸ್ ಎರಡೂ ಒಂದೇ ಎನ್ನುವವರೂ ಇದ್ದಾರೆ. ಗೊಂದಲವಾಗುವಂತೆ ಬೆರೆಸಿದರೆ ಪೈಥಾನ್ 3 ಫೈಲನ್ನು ಓಡಿಸುವುದೇ ಇಲ್ಲ. ಪೈಥಾನ್‌ನ ಶೈಲಿ ಸೂತ್ರ ಪೆಪ್ 8 ಹೇಳುವುದು 4 ಸ್ಪೇಸ್. ಮೇಕ್‌ಫೈಲ್‌ನಲ್ಲಾದರೆ ಕಮಾಂಡ್ ಸಾಲಿಗೆ ಟ್ಯಾಬ್ ಬೇಕೇ ಬೇಕು.

ಎಡಿಟರ್ ಕೊಟ್ಟ ಕೀಲಿಗಳಿಗೇ ನಾವು ಒಗ್ಗಿಕೊಳ್ಳಬೇಕು ಎಂಬುದೂ ಸುಳ್ಳು. ಯಾವ ಕೀಲಿಗೆ ಯಾವ ಕೆಲಸ ಎಂದು ತೀರ್ಮಾನಿಸುವುದು ತಂತ್ರಾಂಶ. ಮಂಗಳೂರಿಗೆ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡ ಕೂರಿಸಿದ್ದು ಹಾಗೆ. ಅವರ ವಿನ್ಯಾಸವೇ ಮುಂದೆ ರಾಜ್ಯ ಸರ್ಕಾರದ ಮಾನ್ಯ ಕೀಲಿಮಣೆಗೆ ಆಧಾರವಾಯಿತು. ವಿಎಸ್ ಕೋಡ್ ಎಡಿಟರ್‌ನಲ್ಲಿ ಕಂಟ್ರೋಲ್-ಕೆ, ಕಂಟ್ರೋಲ್-ಎಸ್ ಒತ್ತಿದರೆ ಶಾರ್ಟ್‌ಕಟ್‌ಗಳ ಪಟ್ಟಿ ತೆರೆಯುತ್ತದೆ. ‘ರೀಇಂಡೆಂಟ್ ಲೈನ್ಸ್’ ಹುಡುಕಿ ಕೈಗೆ ಹಿಡಿಸುವ ಕೀಲಿ ಕೊಡಿ, ಮೊದಲಿಗೆ ಅದಕ್ಕೆ ಯಾವ ಕೀಲಿಯೂ ಇರುವುದಿಲ್ಲ.

ಇಡೀ ಫೈಲಿಗೆ ಒತ್ತಿದರೂ ನಷ್ಟವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾಲ್ಕಾರು ಜನ ಸೇರಿ ಬರೆದ ಫೈಲಾದರೆ ಗಿಟ್‌ನಲ್ಲಿ ನೂರಾರು ಸಾಲು ಬದಲಾದಂತೆ ತೋರಿ, ನೀವು ತಿದ್ದಿದ ಎರಡು ಸಾಲು ಅದರಲ್ಲಿ ಕಳೆದುಹೋಗುತ್ತವೆ. ನೀವು ಮುಟ್ಟಿದ ಸಾಲುಗಳನ್ನು ಮಾತ್ರ ಸೆಲೆಕ್ಟ್ ಮಾಡಿ ಕಂಟ್ರೋಲ್-ಕೆ, ಕಂಟ್ರೋಲ್-ಎಫ್ ಒತ್ತಿ. ಇಡೀ ಫೈಲ್ ಒಪ್ಪ ಮಾಡಲೇಬೇಕಿದ್ದರೆ ಅದಕ್ಕೇ ಬೇರೆ ಕಮಿಟ್ ಹಾಕಿ.