ಬಣ್ಣ ತೋರದ ಕಾಮಾಲೆ

ಕಾಮಾಲೆಯೆಂಬುದು ರೋಗದ ಹೆಸರಲ್ಲ, ಒಂದು ಚಿಹ್ನೆಯ ಹೆಸರು. ಪಿತ್ತಜನಕಾಂಗವು ಏಕೆ ಕೆಟ್ಟಿತೆಂಬುದನ್ನು ಕಣ್ಣಿನ ಹಳದಿಯು ಹೇಳಲಾರದು. ಮುಂಬಯಿಯ ಮಳೆಗಾಲದಲ್ಲಿ ಕಲುಷಿತ ನೀರಿನಿಂದ ಬರುವ 'ಎ' ಮತ್ತು 'ಇ' ವೈರಸ್ಸುಗಳ ಕಾಮಾಲೆ ಬೇರೆ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಶಿಶುವಿಗೆ ಹರಡುವ ಹೆಪಟೈಟಿಸ್ 'ಬಿ' ಬೇರೆ. ಇದು ಅನೇಕರಲ್ಲಿ ಹಳದಿಯ ಸುಳಿವನ್ನೇ ಕೊಡುವುದಿಲ್ಲ.

1982ರ ಜುಲೈನಲ್ಲಿ ಬೆಂಗಳೂರಿನಲ್ಲಿ 'ಕೂಲಿ' ಚಿತ್ರದ ಚಿತ್ರೀಕರಣದ ವೇಳೆ ತೀವ್ರವಾಗಿ ಗಾಯಗೊಂಡ ಅಮಿತಾಭ್ ಬಚ್ಚನ್ ಅವರಿಗೆ ಮುಂಬಯಿಯಲ್ಲಿ ಚಿಕಿತ್ಸೆ ನಡೆಯಿತು. ಸುಮಾರು 200 ದಾನಿಗಳ ರಕ್ತವನ್ನು ತಮಗೆ ಕೊಡಲಾಯಿತೆಂದೂ, ಅದರ ಮೂಲಕವೇ ಈ ವೈರಸ್ಸು ಒಳಹೊಕ್ಕಿತೆಂದೂ ಅವರೇ ಬಹಿರಂಗವಾಗಿ ಹೇಳಿದ್ದಾರೆ. ಅದು ಪತ್ತೆಯಾದುದು ಸುಮಾರು ಎರಡು ದಶಕಗಳ ತರುವಾಯ, ಸಾಮಾನ್ಯ ತಪಾಸಣೆಯೊಂದರಲ್ಲಿ. ಅಷ್ಟರಲ್ಲಿ ಪಿತ್ತಜನಕಾಂಗದ ಮುಕ್ಕಾಲು ಪಾಲು ನಷ್ಟವಾಗಿದ್ದಿತು!

ಈ ಮೌನಕ್ಕೆ ಕಾರಣವುಂಟು. ವೈರಸ್ಸು ತಾನಾಗಿ ಜೀವಕೋಶವನ್ನು ಕೊಲ್ಲುವುದು ಕಡಮೆ. ಅದನ್ನು ಹೊರದೂಡಲು ಹೊರಟ ದೇಹದ ರಕ್ಷಣಾಶಕ್ತಿಯೇ ಕೋಶಗಳನ್ನು ನಾಶಮಾಡುತ್ತದೆ. ವಯಸ್ಕರಲ್ಲಿ ಈ ಹೋರಾಟವು ಬಿರುಸು; ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಆರು ತಿಂಗಳೊಳಗೆ ಗುಣಹೊಂದುತ್ತಾರೆ. ನವಜಾತ ಶಿಶುವಿನ ದೇಹವಾದರೋ ಶತ್ರುವನ್ನು ಗುರುತಿಸದು. ಹುಟ್ಟುವಾಗ ಸೋಂಕು ತಗುಲಿದ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಸ್ಥಿರವಾಗಿ ನಿಂತು, ದಶಕಗಳ ಮೇಲೆ ಕೆಲವರಲ್ಲಿ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿ ಪ್ರಕಟವಾಗುತ್ತದೆ.

ಊರಿನಿಂದ ನೆಲನೆಲ್ಲಿಯನ್ನು ತರಿಸಿ ಕುಡಿಯುವ ಪರಿಪಾಠದ ಕೀರ್ತಿಗೂ ಮೂಲ ಇಲ್ಲಿಯೇ ಇದೆ. ವಯಸ್ಕನು ಬಹುಮಟ್ಟಿಗೆ ತಾನಾಗಿಯೇ ಗುಣವಾಗುವನು. ಯಶಸ್ಸು ಮದ್ದಿಗೆ ಸಲ್ಲುವುದು. ಹಾಗೆಂದು ಹಳ್ಳಿಯ ವೈದ್ಯನನ್ನು ಹಳಿಯುವುದು ಅನ್ಯಾಯ. ಈ ವೈರಸ್ಸಿನ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಮದರಾಸಿನ ಸಂಶೋಧಕರೊಡನೆ ಆ ಗಿಡವನ್ನು ಪರೀಕ್ಷಿಸಿದ್ದರು. 1988ರಲ್ಲಿ ಪ್ರಕಟವಾದ ಫಲ ಆಶಾದಾಯಕವಾಗಿತ್ತು. ಮುಂದಿನ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಕೇಡಿರುವುದು ಗಿಡದಲ್ಲಿ ಅಷ್ಟಿಲ್ಲ. ಹಳದಿ ಇಳಿಯಿತೆಂದು ರಕ್ತಪರೀಕ್ಷೆಯನ್ನು ಕೈಬಿಡುವುದರಲ್ಲಿದೆ.

ಸೋಂಕು ಇದೆಯೆಂದು ತಿಳಿದ ಮನೆಯಲ್ಲಿ ಮೊದಲು ನಡೆಯುವುದು ತಟ್ಟೆ–ಲೋಟಗಳನ್ನು ಬೇರಿಡುವ ಕ್ರಮ. ಚಾಳಿನ ಒಂದೇ ಕೋಣೆಯಲ್ಲಿ ಇದು ಎಂತಹ ಶಿಕ್ಷೆ! ಊಟದಿಂದ, ಅಪ್ಪುಗೆಯಿಂದ, ಕೆಮ್ಮಿನಿಂದ ಈ ವೈರಸ್ಸು ಹರಡದು. ಬೇರಿಡಬೇಕಾದುದು ಕ್ಷೌರದ ಬ್ಲೇಡನ್ನು, ಹಲ್ಲುಜ್ಜುವ ಬ್ರಶ್ಶನ್ನು. ಮನೆಯವರೆಲ್ಲರೂ ಪರೀಕ್ಷಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಪಡೆಯಬೇಕು. ಮಕ್ಕಳ ಲಸಿಕೆ ದೇಶದಾದ್ಯಂತ ವ್ಯಾಪಿಸಿದುದು 2011ರ ಸುಮಾರಿಗೆ; ಅದಕ್ಕೆ ಮೊದಲು ಜನಿಸಿದವರಲ್ಲಿ ಬಹುಮಂದಿಗೆ ಆ ರಕ್ಷಣೆ ದೊರೆತಿಲ್ಲ. ಗರ್ಭಿಣಿಗೆ ಸೋಂಕಿದ್ದರೆ ಶಿಶುವಿಗೆ ಹುಟ್ಟಿದ 24 ಗಂಟೆಗಳೊಳಗೆ ಲಸಿಕೆಯೂ, ಅದರೊಡನೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಸಲ್ಲಬೇಕು.