ಬೆಳೆ ನಮ್ಮದು, ಮಾರುವ ಹಕ್ಕು ಯಾರದು?

ಮುಕ್ತ ಮಾರುಕಟ್ಟೆ ಒಂದು ಕಡೆ, ಸರ್ಕಾರಿ ನಿಯಂತ್ರಣ ಇನ್ನೊಂದು ಕಡೆ. ಎರಡು ಕಾಲಂ ಹಾಕಿ ವ್ಯತ್ಯಾಸ ಬರೆದು, ಮಾರ್ಕ್ಸ್ ತಗೊಂಡು ಮರೆತುಬಿಡ್ತೀವಿ. ಆದರೆ ಈ ಎರಡನ್ನೂ ಒಂದೇ ಜೀವಮಾನದಲ್ಲಿ ಉಂಡವರು ನಮ್ಮ ಹತ್ತಿರದಲ್ಲೇ ಇದ್ದಾರೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆಯ ಗೆಳೆಯರು ಊರಿಗೆ ಹೋದಾಗ ಅಜ್ಜನನ್ನು ಕೇಳಿ ನೋಡಿ, ‘ಪೂಲ್’ ಅಂದರೆ ಏನು ಅಂತ.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು, ಕಾಫಿ ಕೊಳ್ಳುವವರಿಲ್ಲದಂತಾಯಿತು. ಬೆಳೆಗಾರರನ್ನು ಉಳಿಸಲೆಂದು ಬಂದ ವ್ಯವಸ್ಥೆಗೆ 1942ರಲ್ಲಿ ಕಾಯ್ದೆಯ ರೂಪ ಸಿಕ್ಕಿತು. ಮನೆ ಬಳಕೆಗೆ, ಬೀಜಕ್ಕೆ ಅಂತ ಸ್ವಲ್ಪ ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕು. ಮಂಡಳಿ ಹರಾಜು ಹಾಕುತ್ತದೆ, ದುಡ್ಡು ಕಂತು ಕಂತಾಗಿ ಬರುತ್ತದೆ. ಪಕ್ಕದೂರಿನ ಅಂಗಡಿಯವನಿಗೆ ನೇರವಾಗಿ ಒಂದು ಮೂಟೆ ಮಾರುವ ಹಾಗಿಲ್ಲ. ಯುದ್ಧ 1945ಕ್ಕೆ ಮುಗಿಯಿತು, ಪೂಲ್ ಮಾತ್ರ ಮುಗಿಯಲಿಲ್ಲ. ತಾತ್ಕಾಲಿಕ ಅಂತ ಬಂದ ನಿಯಂತ್ರಣಗಳ ಹಣೆಬರಹವೇ ಇಷ್ಟು!

ಹೀಗೆ ಕಡ್ಡಾಯವಾಗಿ ಒಪ್ಪಿಸುವುದನ್ನು ‘ಮಾರಾಟ’ ಅನ್ನಬಹುದಾ? ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಕರ್ನಾಟಕದ ತೆರಿಗೆ ಇಲಾಖೆ ಮಂಡಳಿಯಿಂದ ಖರೀದಿ ತೆರಿಗೆ ಕೇಳಿತ್ತು. ನಾವು ಕೊಂಡಿಲ್ಲ, ಕಾನೂನಿನಂತೆ ವಶಕ್ಕೆ ತೆಗೆದುಕೊಂಡಿದ್ದೇವೆ ಅಷ್ಟೆ ಎಂದು ಮಂಡಳಿ ವಾದಿಸಿತು. 1988ರಲ್ಲಿ ಕೋರ್ಟ್, ಇದು ಮಾರಾಟವೇ ಎಂದಿತು. ಕಾಫಿಯನ್ನೇ ಬೆಳೆಯಿರಿ ಅಂತ ಬೆಳೆಗಾರನಿಗೆ ಯಾರೂ ಬಲವಂತ ಮಾಡಿಲ್ಲ, ಹಾಗಾಗಿ ಒಪ್ಪಿಗೆಯ ಅಂಶ ಇದೆ ಎಂಬುದು ಅದರ ಒಂದು ಎಳೆ. ಕಾನೂನಿನ ಲೆಕ್ಕದಲ್ಲಿ ಸರಿ ಇರಬಹುದು. ಆದರೆ ಕಾಫಿ ಗಿಡ ಫಸಲಿಗೆ ಬರೋಕೇ ಮೂರ್ನಾಲ್ಕು ವರ್ಷ ಬೇಕು, ಆಮೇಲೆ ದಶಕಗಟ್ಟಲೆ ನಿಲ್ಲುತ್ತದೆ. ಬೇಡ ಅನ್ನಿಸಿದ ವರ್ಷ ಕಿತ್ತು ರಾಗಿ ಬಿತ್ತೋಕೆ ಆಗುತ್ತಾ? ಆ ‘ಒಪ್ಪಿಗೆ’ ನಮಗಂತೂ ಪೂರ್ತಿ ಒಪ್ಪಿಗೆ ಅನ್ನಿಸುವುದಿಲ್ಲ.

ಹಾಗಂತ ಪೂಲ್ ಬರೀ ಸಂಕೋಲೆ ಆಗಿರಲಿಲ್ಲ. ಮೆಕ್ಯಾನಿಕಲ್‌ನವರ ಭಾಷೆಯಲ್ಲಿ ಅದೊಂದು ಡ್ಯಾಂಪರ್. ಹೊರಗಿನ ಬೆಲೆ ಎಷ್ಟೇ ಕುಣಿದರೂ ತೋಟದವನಿಗೆ ತಟ್ಟುವ ಪೆಟ್ಟು ಮೆತ್ತಗೆ. ತೊಂದರೆ ಏನೆಂದರೆ, ಡ್ಯಾಂಪರ್ ಪೆಟ್ಟನ್ನಷ್ಟೇ ಅಲ್ಲ, ಸಿಗ್ನಲ್ಲನ್ನೂ ನುಂಗುತ್ತದೆ. ಬೆಲೆ ಅನ್ನುವುದೇ ಒಂದು ಮಾಹಿತಿ ಅಂತ ಹಾಯೆಕ್ 1945ರಲ್ಲೇ ವಾದಿಸಿದ್ದ. ಎಲ್ಲರ ಕಾಫಿಯೂ ಒಂದೇ ರಾಶಿಗೆ ಬಿದ್ದರೆ, ಹಣ್ಣು ಆರಿಸಿ ಕೊಯ್ದು ಕಣದಲ್ಲಿ ಜೋಪಾನವಾಗಿ ಒಣಗಿಸಿದವನ ಶ್ರಮಕ್ಕೆ ತಕ್ಕ ಬೆಲೆ ಹೇಗೆ ಸಿಗಬೇಕು?

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ನಿಂತಿತು. ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಆಮೇಲೆ 1992ರಲ್ಲಿ ಶೇ. 30ರಷ್ಟು ಕಾಫಿಯನ್ನು ಸ್ವಂತವಾಗಿ ಮಾರಲು ಅವಕಾಶ, 1996ರ ಹೊತ್ತಿಗೆ ಪೂರ್ತಿ ಬಿಡುಗಡೆ. ಅದೃಷ್ಟವೂ ಜೊತೆಗಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಜಗತ್ತಿನಲ್ಲೆಲ್ಲ ಬೆಲೆ ಏರಿತ್ತು.

ಆಮೇಲೆ ವಿಯೆಟ್ನಾಂ ರಾಶಿ ರಾಶಿ ರೊಬಸ್ಟಾ ಬೆಳೆಯಿತು. 2001ರ ಹೊತ್ತಿಗೆ ಬೆಲೆ ಪಾತಾಳ ಕಂಡಿತು. ಈಗ ಪೆಟ್ಟು ನೇರ ತೋಟಕ್ಕೇ. ಹೋಗು ಅಂದಿದ್ದ ಸರ್ಕಾರವನ್ನೇ ಬಾ ಅಂತ ಕರೆಯಬೇಕಾಯಿತು, ಸಾಲದ ಪ್ಯಾಕೇಜ್‌ಗಳು ಬಂದವು.

ಪೂಲ್ ಹೋಗಿದ್ದು ಸರಿ ಅಂತಲೇ ನಮ್ಮ ಅಭಿಪ್ರಾಯ. ಆದರೆ ‘ಮಾರುವ ಸ್ವಾತಂತ್ರ್ಯ’ ಎಲ್ಲರಿಗೂ ಒಂದೇ ಅಳತೆಯದಲ್ಲ. ದೊಡ್ಡ ಎಸ್ಟೇಟಿನವರು ಲಂಡನ್, ನ್ಯೂಯಾರ್ಕ್ ರೇಟು ನೋಡಿಕೊಂಡು ಗೋದಾಮಿನಲ್ಲಿ ಚೀಲ ಇಟ್ಟು ಕಾಯಬಲ್ಲರು. ಎರಡು ಎಕರೆಯವನ ಮೊಬೈಲಿನಲ್ಲೂ ಈಗ ಅದೇ ರೇಟು ಕಾಣುತ್ತದೆ. ಆದರೆ ಕೊಯ್ಲು ಮುಗಿಯುತ್ತಿದ್ದಂತೆ ಆಳಿನ ಕೂಲಿ ಕೊಡಬೇಕು, ಸಾಲದ ಕಂತು ಕಟ್ಟಬೇಕು. ಬೆಲೆ ಮುಂದಿನ ತಿಂಗಳು ಏರುತ್ತದೆ ಅಂತ ಗೊತ್ತಿದ್ದರೂ ಅವನು ಈ ವಾರವೇ ಮಾರುತ್ತಾನೆ.